ಸೀಟು ಸಿಗುವ ಚಾನ್ಸ್ ಎಷ್ಟುಂಟು? ಮೊದಲು ನೀವು ನಿಂತ ಸಾಲು ಯಾವುದು ನೋಡಿ

ಪ್ಲಸ್ ಟು, ಅಂದರೆ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿಯಲ್ಲಿ ಕುರ್ಚಿ ಖಾಲಿ ಇರುವುದಿಲ್ಲ. ಬದಿಯಡ್ಕದಿಂದ, ಪೆರ್ಲದಿಂದ, ಮುಳ್ಳೇರಿಯದಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಗಣಿತ ಕಲಿಸಿದವಳು, ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ: "ಟೀಚರೇ, ಸಿಕ್ಕುವ ಚಾನ್ಸ್ ಎಷ್ಟುಂಟು?"

ಈ ಸಲ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟು ಸಯನ್ಸ್. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನಲ್ಲಿ 98.6 ಪರ್ಸೆಂಟೈಲ್. ಆಸೆ ಸುರತ್ಕಲ್ಲಿನ ಕೇಂದ್ರ ಸರಕಾರದ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಯ ಕಂಪ್ಯೂಟರ್ ಸಯನ್ಸ್. "ಎರಡು ಗಂಟೆ ದಾರಿ ಟೀಚರ್, ಶನಿವಾರ ಶನಿವಾರ ಮನೆಗೆ ಬರಬಹುದು" ಎಂದಳು. ಯಾವುದೋ ಆಪ್‌ನಲ್ಲಿ ನಂಬರು ಹಾಕಿ ನೋಡಿದ್ದಾಳೆ, ಅದು ನೂರಕ್ಕೆ 31 ಚಾನ್ಸ್ ಎಂದು ತೋರಿಸಿದೆ. ಆ 31 ಎಲ್ಲಿಂದ ಬಂತು ಎಂದು ಕೇಳಿದೆ. ಅವಳಿಗೆ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಅವತ್ತು ಒಂದೂವರೆ ಗಂಟೆ ಕೂತು ಕಾಗದದಲ್ಲಿ ಬರೆದು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಡಿಯ ಈಚೆ, ಕೇರಳದ ಕಾಸರಗೋಡಿನಲ್ಲಿ ಇರುವ ನಮ್ಮ ಕನ್ನಡದ ಮಕ್ಕಳಿಗೆ ಈ ಲೆಕ್ಕ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಸಿಕ್ಕುಸಿಕ್ಕಾಗಿದೆ, ಅದನ್ನು ಬಿಡಿಸಿ ಹೇಳುವವರು ಕಡಿಮೆ.

ಮೊದಲು ಪರ್ಸೆಂಟೈಲ್. ಇದು ನೂರಕ್ಕೆ ಬಂದ ಅಂಕ ಅಲ್ಲ. 98.6 ಅಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ 98.6 ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ತೆಗೆದಿದ್ದಾರೆ ಎಂದು ಅರ್ಥ. ಹಾಗಾದರೆ ಮುಂದೆ ಇರುವವರು ನೂರಕ್ಕೆ 1.4. ಕೇಳಲಿಕ್ಕೆ ಸಣ್ಣ ಸಂಖ್ಯೆ, ಅಲ್ವಾ? ಆದರೆ ಬರೆದವರು ಸುಮಾರು 14 ಲಕ್ಷ. 14 ಲಕ್ಷದ 1.4 ಶೇಕಡಾ ಅಂದರೆ 19,600. ಅಂದರೆ ಇವಳ ಮುಂದೆ ಹತ್ತೊಂಬತ್ತು ಸಾವಿರ ಚಿಲ್ಲರೆ ಮಕ್ಕಳು ನಿಂತಿದ್ದಾರೆ. 99 ಪರ್ಸೆಂಟೈಲ್ ಬಂತೆಂದು ಊರೆಲ್ಲ ಸಿಹಿ ಹಂಚಿ, ಜುಲೈಯಲ್ಲಿ ಅಳುವ ಮನೆಗಳನ್ನು ನಾನು ನೋಡಿದ್ದೇನೆ. ಆ ಮಗು ಚೆನ್ನಾಗಿಯೇ ಬರೆದಿರುತ್ತದೆ. ಆದರೆ 99ರ ಮುಂದೆಯೂ 14 ಸಾವಿರ ಜನ ಇದ್ದಾರೆಂದು ಯಾರೂ ಹೇಳಿರುವುದಿಲ್ಲ.

ಇನ್ನು "ಇಂಥ ವಿಶ್ವವಿದ್ಯಾಲಯಕ್ಕೆ ನೂರಕ್ಕೆ ಇಷ್ಟೇ ಜನರನ್ನು ತೆಗೆದುಕೊಳ್ಳುತ್ತಾರೆ" ಎನ್ನುವ ಮಾತು. ವಾಟ್ಸಾಪಿನಲ್ಲಿ ಒಂದು ಸಂದೇಶ ಪ್ರತಿವರ್ಷ ಸುತ್ತುತ್ತದೆ, ಐಐಟಿ ಸೇರುವುದು ಹಾರ್ವರ್ಡ್‌ಗಿಂತ ಕಷ್ಟ ಎಂದು. ಸಂಖ್ಯೆ ನೋಡಿದರೆ ಹೌದು ಅನಿಸುತ್ತದೆ. 2024ರಲ್ಲಿ ಎಲ್ಲಾ ಐಐಟಿಗಳಲ್ಲಿ ಸೇರಿ 17,740 ಸೀಟು. ಮೇನ್ ಬರೆದ 14 ಲಕ್ಷದಿಂದ ಭಾಗಿಸಿದರೆ ನೂರಕ್ಕೆ 1.3ರ ಹತ್ತಿರ. ಅದೇ ವರ್ಷ ಹಾರ್ವರ್ಡ್‌ಗೆ 54,008 ಅರ್ಜಿ ಬಂದು 1,937 ಮಂದಿಗೆ ಸೀಟು ಸಿಕ್ಕಿತು, ಅದು ನೂರಕ್ಕೆ 3.6. ಆದರೆ ಛೇದ ಬದಲಾಯಿಸಿ ನೋಡಿ. ಮೇನ್‌ನಲ್ಲಿ ಮುಂದೆ ಬಂದವರು ಐಐಟಿಗಾಗಿ ಬರೆಯುವ ಜೆಇಇ ಅಡ್ವಾನ್ಸ್ಡ್‌ನ ಎರಡೂ ಪತ್ರಿಕೆ ಬರೆದವರು 1,80,200 ಜನ. ಅವರನ್ನು ಛೇದಕ್ಕೆ ಹಾಕಿದರೆ ಅದೇ 17,740 ಸೀಟು ನೂರಕ್ಕೆ ಹತ್ತರ ಹತ್ತಿರ ಬಂದು ನಿಲ್ಲುತ್ತದೆ. ಸೀಟು ಒಂದೂ ಹೆಚ್ಚಾಗಲಿಲ್ಲ, ಮಕ್ಕಳು ಜಾಣರೂ ಆಗಲಿಲ್ಲ. ಕೆಳಗಿನ ಸಂಖ್ಯೆ ಬದಲಾಯಿತು, ಅಷ್ಟೇ. ಮೇನ್ ಅನ್ನು ಎನ್‌ಐಟಿ ಆಸೆಯವರೂ ಬರೆಯುತ್ತಾರೆ, ಸುಮ್ನೆ ಒಂದು ಸಲ ನೋಡೋಣ ಎನ್ನುವವರೂ ಬರೆಯುತ್ತಾರೆ. ಹಾಗಾಗಿ ಎರಡು ಕಡೆಯ ಶೇಕಡಾವನ್ನು ಅಕ್ಕಪಕ್ಕ ಇಟ್ಟು ಯಾವುದು ಕಷ್ಟ ಎಂದು ಹೇಳುವುದು ಸರಿಯಲ್ಲ.

ಈ ಒಟ್ಟು ಶೇಕಡಾದಲ್ಲಿ ಇನ್ನೊಂದು ತೊಂದರೆ ಉಂಟು, ಅದೇ ದೊಡ್ಡದು. ಆ ತಾಯಿಗೆ ನಾನು ಅಡಿಕೆಯ ಮಾತಿನಲ್ಲೇ ಹೇಳಿದೆ. ಪತ್ರಿಕೆಯಲ್ಲಿ ಧಾರಣೆ ನೋಡುತ್ತೀರಿ. ಹೊಸ ಚಾಲಿಗೆ ಒಂದು ರೇಟು, ಹಳೆ ಚಾಲಿಗೆ ಇನ್ನೊಂದು, ಪಟೋರಕ್ಕೆ ಬೇರೆ, ಉಳ್ಳಿಗಡ್ಡೆಗೆ ಬೇರೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದು ಅಡಿಕೆಗೆ ಕಿಲೋಗೆ ಇಷ್ಟು ಎಂದು ಹೇಳಿದರೆ ನಿಮಗೆ ಏನಾದರೂ ಪ್ರಯೋಜನ ಉಂಟಾ? ನಿಮ್ಮ ಗೋಣಿಯಲ್ಲಿ ಇರುವುದು ಯಾವುದು ಎಂದು ಮೊದಲು ನೋಡಬೇಕು. ಕಾಲೇಜಿನ ಸೀಟೂ ಹೀಗೆಯೇ. ಒಂದೇ ಗೇಟಿನ ಮುಂದೆ ಒಂದೇ ಸಾಲು ಇರುವುದಿಲ್ಲ, ಹತ್ತಾರು ಸಾಲು ಇರುತ್ತವೆ, ಒಂದೊಂದಕ್ಕೂ ಬೇರೆ ಸೀಟು, ಬೇರೆ ಉದ್ದ. ನಿಮ್ಮ ಚಾನ್ಸ್ ಎಂದರೆ ನೀವು ನಿಂತ ಸಾಲಿನ ಚಾನ್ಸ್.

ಕಾಸರಗೋಡಿನವರಿಗೆ ಇದು ಎಷ್ಟು ಮುಖ್ಯ ಎಂದು ಸುರತ್ಕಲ್ಲಿನಲ್ಲೇ ನೋಡಬಹುದು. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಕಾಲೇಜು ಅದು, ನಮ್ಮ ಹಿರಿಯರು ಈಗಲೂ ಹಾಗೆಯೇ ಕರೆಯುತ್ತಾರೆ. ಮಂಜೇಶ್ವರದ ಮಗುವಿಗೆ ಅದಕ್ಕಿಂತ ಹತ್ತಿರದ ಎನ್‌ಐಟಿ ಇಲ್ಲ. ಆದರೆ ಎನ್‌ಐಟಿಗಳಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ, ಉಳಿದ ಅರ್ಧ ಬೇರೆ ಎಲ್ಲಾ ರಾಜ್ಯದವರಿಗೆ. ನಮ್ಮ ಹುಡುಗಿ ಪ್ಲಸ್ ಟು ಪಾಸಾದದ್ದು ಕೇರಳದಲ್ಲಿ. ಹಾಗಾಗಿ ಸುರತ್ಕಲ್ಲಿನಲ್ಲಿ ಅವಳು ಬಿಹಾರದವರ, ದೆಹಲಿಯವರ, ಆಂಧ್ರದವರ ಜೊತೆ ಹೊರರಾಜ್ಯದ ಸಾಲಿನಲ್ಲಿ ನಿಲ್ಲಬೇಕು. ಬೇಡಿಕೆ ಇರುವ ಬ್ರಾಂಚುಗಳಲ್ಲಿ ಆ ಸಾಲು ಬಹಳ ಬಿಗಿ, ದೇಶದ ಎಲ್ಲಾ ಕಡೆಯ ಒಳ್ಳೆಯ ರ‍್ಯಾಂಕಿನವರು ಅಲ್ಲಿಗೇ ಬಂದು ಸೇರುತ್ತಾರೆ. ಅವಳ ಸ್ವಂತ ರಾಜ್ಯದ ಸಾಲು ಇರುವುದು ಕಲ್ಲಿಕೋಟೆಯ ಎನ್‌ಐಟಿಯಲ್ಲಿ, ರೈಲಿನಲ್ಲಿ ಎಷ್ಟೋ ದೂರ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಸ್ವಂತ ರಾಜ್ಯ ಯಾವುದು ಎಂದು ನಿರ್ಧಾರ ಆಗುವುದು ಮನೆ ಎಲ್ಲಿದೆ, ರೇಶನ್ ಕಾರ್ಡ್ ಯಾವುದು ಎಂಬುದರ ಮೇಲೆ ಅಲ್ಲ. ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರಿ ಎಂಬುದರ ಮೇಲೆ. ಉಪ್ಪಳದ ಇಬ್ಬರು ಅಕ್ಕಪಕ್ಕದ ಮನೆಯ ಮಕ್ಕಳು ಹತ್ತನೆಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ಎಂದುಕೊಳ್ಳಿ. ಒಬ್ಬ ಮಂಗಳೂರಿಗೆ ಪಿಯುಸಿಗೆ ಹೋದ, ಇನ್ನೊಬ್ಬ ಊರಲ್ಲೇ ಪ್ಲಸ್ ಟು ಮಾಡಿದ. ಎರಡು ವರ್ಷ ಕಳೆದು ಇಬ್ಬರಿಗೂ ಒಂದೇ ರ‍್ಯಾಂಕ್ ಬಂದರೂ ಸುರತ್ಕಲ್ಲಿನಲ್ಲಿ ಒಬ್ಬ ಕರ್ನಾಟಕದ ಸಾಲಿನಲ್ಲಿ, ಇನ್ನೊಬ್ಬ ಹೊರಗಿನ ಸಾಲಿನಲ್ಲಿ. ಕಲ್ಲಿಕೋಟೆಯಲ್ಲಿ ಇದು ತಿರುವುಮುರುವು. ಹದಿನೈದನೇ ವಯಸ್ಸಿನಲ್ಲಿ ಬಸ್ಸು ಹತ್ತಿರ ಉಂಟು, ಗೆಳೆಯ ಅಲ್ಲಿ ಸೇರುತ್ತಾನೆ ಎಂದು ಮಾಡಿದ ಆಯ್ಕೆ ಇದು. ಹತ್ತನೇ ತರಗತಿಯ ಮಕ್ಕಳ ತಂದೆತಾಯಿ ಇದನ್ನು ಓದುತ್ತಿದ್ದರೆ ದಯವಿಟ್ಟು ಈಗಲೇ ಮನೆಯಲ್ಲಿ ಕೂತು ಮಾತಾಡಿ. ಮಂಗಳೂರಿಗೇ ಹೋಗಿ ಎಂದು ನಾನು ಹೇಳುತ್ತಿಲ್ಲ. ತಿಳಿದು ಆರಿಸಿ ಎನ್ನುತ್ತಿದ್ದೇನೆ.

ಕರ್ನಾಟಕದ ಸಿಇಟಿಯ ನಿಯಮ ಇದಕ್ಕಿಂತ ಬೇರೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಉಂಟು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಕನಿಷ್ಠ ಏಳು ವರ್ಷ ಓದಿದವರು ಅರ್ಜಿ ಹಾಕಬಹುದು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಸೊಲ್ಲಾಪುರ ಕಡೆಯವರಿಗೂ ಇದೇ ನಿಯಮ. ಇವರು ಸಿಇಟಿಯ ಜೊತೆ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೂ ಪಾಸಾಗಬೇಕು, ನಮ್ಮ ಮಕ್ಕಳಿಗೆ ಅದು ಕಷ್ಟದ್ದಲ್ಲ. ಅರ್ಜಿ ಹಾಕುವಾಗಲೇ ಈ ಕಲಮನ್ನು ಸರಿಯಾಗಿ ಗುರುತು ಮಾಡಬೇಕು. ನೆನಪಿಡಿ, ಇದು ಸಿಇಟಿಗೆ ಮಾತ್ರ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಈ ಕಲಮು ನಡೆಯುವುದಿಲ್ಲ.

ಮೀಸಲಾತಿಯ ಸಾಲುಗಳದ್ದೂ ಗಡಿಯಲ್ಲಿ ಒಂದು ವಿಷಯ ಉಂಟು. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇರುವುದು. ಪುತ್ತೂರಿನಲ್ಲಿರುವ ನಿಮ್ಮ ಮಾವನ ಮಗನಿಗೆ ಒಬಿಸಿ ಸಿಕ್ಕಿತು ಎಂದರೆ ನಿಮಗೂ ಸಿಗುತ್ತದೆ ಎಂದು ಹೇಳಲಾಗದು, ಕೇರಳದ ಹೆಸರಿನಲ್ಲಿ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು. ರಾಜ್ಯದ ಪಟ್ಟಿ ಬೇರೆ, ಕೇಂದ್ರದ್ದು ಬೇರೆ. ಸರ್ಟಿಫಿಕೇಟು ಕೇಂದ್ರದ ನಮೂನೆಯಲ್ಲೇ ಇರಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದಾಗಿರಬೇಕು. ಪ್ಲಸ್ ವನ್‌ಗೆ ಸೇರುವಾಗ ಮಾಡಿಸಿದ್ದು ಈಗ ನಡೆಯುವುದಿಲ್ಲ. ಹುಡುಗಿಯರಿಗೆ ಐಐಟಿ, ಎನ್‌ಐಟಿಗಳಲ್ಲಿ 2018ರಿಂದ ಹೆಚ್ಚುವರಿ ಸೀಟುಗಳಿವೆ. ಅದೊಂದು ಪ್ರತ್ಯೇಕ ಸಾಲು, ಅದರ ಕೊನೆಯ ರ‍್ಯಾಂಕನ್ನೂ ಪ್ರತ್ಯೇಕವಾಗಿಯೇ ನೋಡಬೇಕು.

ಈಗ ನಿಮ್ಮ ಸಾಲು ಯಾವುದು ಗೊತ್ತಾಯಿತು. ಚಾನ್ಸ್ ಲೆಕ್ಕ ಹಾಕುವುದು ಹೇಗೆ? ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾದವರು ಪ್ರತಿವರ್ಷ ಪ್ರತಿ ಕಾಲೇಜು, ಪ್ರತಿ ಬ್ರಾಂಚು, ಪ್ರತಿ ಸಾಲಿಗೆ ಮೊದಲ ಮತ್ತು ಕೊನೆಯ ರ‍್ಯಾಂಕನ್ನು ಪ್ರಕಟಿಸುತ್ತಾರೆ. ದುಡ್ಡು ಕೊಡಬೇಕಾಗಿಲ್ಲ, ಆಪ್ ಬೇಕಾಗಿಲ್ಲ. ಕೊನೆಯ ಮೂರು ವರ್ಷದ ಕೊನೆಯ ಸುತ್ತಿನ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆಯಿರಿ. ನಿಮ್ಮ ರ‍್ಯಾಂಕು ಮೂರೂ ವರ್ಷದ ಸಂಖ್ಯೆಗಿಂತ ತುಂಬಾ ಮುಂದೆ ಇದ್ದರೆ ಹೆಚ್ಚುಕಡಿಮೆ ಸಿಕ್ಕ ಹಾಗೆ. ಮೂರಕ್ಕಿಂತಲೂ ತುಂಬಾ ಹಿಂದೆ ಇದ್ದರೆ ಹೆಚ್ಚುಕಡಿಮೆ ಇಲ್ಲ. ಚಾನ್ಸ್ ಎನ್ನುವ ಮಾತಿಗೆ ಅರ್ಥ ಬರುವುದು ಮೂರು ವರ್ಷದ ಸಂಖ್ಯೆಗಳ ಮಧ್ಯದಲ್ಲಿ ನೀವು ಬಿದ್ದಾಗ ಮಾತ್ರ. ಬಾಂಬೆ ಐಐಟಿಯ ಕಂಪ್ಯೂಟರ್ ಸಯನ್ಸ್ 2024ರಲ್ಲಿ ಸಾಮಾನ್ಯ ವರ್ಗಕ್ಕೆ 70ರ ಒಳಗೇ ಮುಗಿಯಿತು. ರ‍್ಯಾಂಕು 5,000 ಇದ್ದವನಿಗೆ ಅಲ್ಲಿ ಚಾನ್ಸ್ ನೂರಕ್ಕೆ ಎಷ್ಟು ಎಂದು ಕೇಳುವುದರಲ್ಲಿ ಅರ್ಥ ಇಲ್ಲ. ಅದೇ 5,000ಕ್ಕೆ ಬೇರೆ ಐಐಟಿಗಳಲ್ಲಿ ಬೇರೆ ಬ್ರಾಂಚು ಖಂಡಿತ ಉಂಟು, ಕೆಲವು ಕಡೆ ಹತ್ತು ಸಾವಿರ ದಾಟಿಯೂ ಸೀಟು ಸಿಗುತ್ತದೆ.

ಒಂದು ಎಚ್ಚರ. ಒಬಿಸಿ, ಎಸ್‌ಸಿ, ಎಸ್‌ಟಿ ಸಾಲಿನಲ್ಲಿ ಅಚ್ಚಾಗಿರುವುದು ಆ ವರ್ಗದ ರ‍್ಯಾಂಕು, ಎಲ್ಲರಿಗೂ ಸೇರಿದ ಕಾಮನ್ ರ‍್ಯಾಂಕ್ ಅಲ್ಲ. ಅದನ್ನು ಇದಕ್ಕೆ ಹೋಲಿಸಿ ನನಗೆ ಸಿಗುವುದೇ ಇಲ್ಲ ಎಂದು ಕೈಬಿಟ್ಟ ಮಕ್ಕಳು ಇದ್ದಾರೆ. ಹೊಟ್ಟೆ ಉರಿಯುತ್ತದೆ.

"ಹತ್ತು ಕಡೆ ಹಾಕುತ್ತೇವೆ, ಒಂದು ಕಡೆ ಸಿಕ್ಕೀತು" ಎನ್ನುವವರು ತುಂಬಾ ಜನ. ಒಂದೊಂದು ಕಡೆ ನೂರಕ್ಕೆ 5 ಚಾನ್ಸ್ ಎಂದು ಇಟ್ಟುಕೊಳ್ಳೋಣ. ಹತ್ತು ಕಡೆಯೂ ಸಿಗದೇ ಇರುವ ಸಂಭವ 0.95ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು 0.6. ಹಾಗಾದರೆ ಒಂದಾದರೂ ಸಿಗುವುದು ನೂರಕ್ಕೆ 40. ಲೆಕ್ಕ ಸರಿ. ಆದರೆ ಇದು ನಡೆಯುವುದು ಒಂದರ ತೀರ್ಮಾನಕ್ಕೂ ಇನ್ನೊಂದರ ತೀರ್ಮಾನಕ್ಕೂ ಸಂಬಂಧ ಇಲ್ಲದಾಗ. ಹತ್ತೂ ಕಡೆ ನೋಡುವುದು ಅದೇ ಒಂದು ಸ್ಕೋರನ್ನು. ಪರೀಕ್ಷೆಯ ದಿನ ಜ್ವರ ಬಂದಿದ್ದರೆ ಹತ್ತು ಬಾಗಿಲೂ ಒಟ್ಟಿಗೇ ಮುಚ್ಚುತ್ತವೆ. ನಿಜವಾಗಿ ಚಾನ್ಸ್ ಹೆಚ್ಚಾಗುವುದು ಬೇರೆ ಬೇರೆ ಪರೀಕ್ಷೆ ಬರೆದಾಗ, ಜೆಇಇ ಒಂದು, ಸಿಇಟಿ ಒಂದು, ಕೇರಳದ ಕೀಮ್ ಒಂದು, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಒಂದು. ಅವು ಬೇರೆ ಬೇರೆ ದಿನ, ಬೇರೆ ಬೇರೆ ಸಾಲು.

ಇನ್ನು ಆಯ್ಕೆಯ ಪಟ್ಟಿ ತುಂಬಿಸುವುದು. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕಳೆದುಕೊಂಡವರನ್ನು ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ನನ್ನದೇ ವಿದ್ಯಾರ್ಥಿನಿಯೊಬ್ಬಳು ಅರ್ಜಿ ತುಂಬಿಸಲು ಹೋದಲ್ಲಿ, "ಸಿಗದ್ದನ್ನು ಮೇಲೆ ಹಾಕಿದರೆ ಸಿಗುವುದೂ ಹೋಗುತ್ತದೆ, ಗ್ಯಾರಂಟಿ ಇರುವುದನ್ನು ಮೊದಲು ಹಾಕು" ಎಂದರಂತೆ. ಅವಳು ಹಾಗೆಯೇ ಮಾಡಿದಳು. ಮೊದಲ ಸುತ್ತಿನಲ್ಲೇ ಮೊದಲ ಆಯ್ಕೆ ಸಿಕ್ಕಿತು. ಅವಳಿಗೆ ನಿಜವಾಗಿ ಬೇಕಾಗಿದ್ದ ಕಾಲೇಜು ಆ ವರ್ಷ ಅವಳ ರ‍್ಯಾಂಕು ದಾಟಿ, ಅವಳಿಗಿಂತ ಮುನ್ನೂರು ರ‍್ಯಾಂಕು ಹಿಂದಿನವರಿಗೂ ಸಿಕ್ಕಿ ಮುಗಿಯಿತು. ಮೇಲೆ ಬರೆದಿದ್ದರೆ ಅದು ಅವಳದ್ದು. ನನ್ನ ಹತ್ತಿರ ಬಂದು ಕೂತಾಗ ನನಗೆ ಹೇಳಲು ಮಾತು ಇರಲಿಲ್ಲ.

ಯಂತ್ರ ಕೆಲಸ ಮಾಡುವುದು ಹೀಗೆ. ಎಲ್ಲರಿಗಿಂತ ಮುಂದಿನ ರ‍್ಯಾಂಕಿನವರನ್ನು ಮೊದಲು ತೆಗೆದುಕೊಳ್ಳುತ್ತದೆ. ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ, ಸೀಟು ಇರುವ ಮೊದಲ ಹೆಸರು ಸಿಕ್ಕಿದ ಕೂಡಲೇ ಕೊಟ್ಟು ಮುಂದಿನವರಿಗೆ ಹೋಗುತ್ತದೆ. ನಿಮ್ಮ ಸರದಿ 20,000ಕ್ಕೆ ಬಂತು. ಮೊದಲ ಆಯ್ಕೆ ಮುಗಿದಿದೆ. ಯಂತ್ರ ಎರಡನೆಯದನ್ನು ನೋಡುತ್ತದೆ, ಇದ್ದರೆ ನಿಮ್ಮದು. ಆ ಕಾಲೇಜನ್ನೇ ಮೊದಲ ಆಯ್ಕೆ ಎಂದು ಬರೆದ 21,000ನೇ ರ‍್ಯಾಂಕಿನವನು ನಿಮ್ಮನ್ನು ದಾಟಿ ಹೋಗುವುದಿಲ್ಲ, ಅವನ ಸರದಿ ಇನ್ನೂ ಬಂದಿಲ್ಲ. ಅಂದರೆ ಆಸೆಯ ಕಾಲೇಜನ್ನು ಮೇಲೆ ಬರೆದದ್ದರಿಂದ ಕೆಳಗಿನದ್ದು ಒಂದು ಕೂದಲಿನಷ್ಟೂ ದೂರ ಹೋಗುವುದಿಲ್ಲ. ಇದಕ್ಕೆ ಗಣಿತದ ಆಧಾರ ಉಂಟು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಇಂಥ ಹಂಚಿಕೆಯ ದಾರಿಯನ್ನು ಬರೆದರು, ಶಾಪ್ಲಿಗೆ 2012ರಲ್ಲಿ ಆಲ್ವಿನ್ ರಾತ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 2015ರಿಂದ ನಡೆಯುತ್ತಿರುವ ಜೋಸಾ ಹಂಚಿಕೆ ಆ ದಾರಿಯದ್ದೇ.

ನಮ್ಮ ಮಕ್ಕಳಿಗೆ ಇದು ಹೊಸತೂ ಅಲ್ಲ. ಪ್ಲಸ್ ವನ್ ಸೀಟು ಹಂಚುವ ಕೇರಳದ ಏಕಜಾಲಕದಲ್ಲಿ ಇದನ್ನೇ ಮಾಡಿದ್ದಾರೆ. ಟ್ರಯಲ್ ಅಲೋಟ್‌ಮೆಂಟ್ ನೋಡಿದ್ದಾರೆ, ಎರಡನೇ ಆಯ್ಕೆ ಸಿಕ್ಕಿದಾಗ ತಾತ್ಕಾಲಿಕವಾಗಿ ಸೇರಿ ಮೇಲಿನದ್ದಕ್ಕೆ ಕಾದಿದ್ದಾರೆ. ಜೋಸಾದಲ್ಲಿ ಆ ಕಾಯುವುದಕ್ಕೆ ಫ್ಲೋಟ್ ಎನ್ನುತ್ತಾರೆ. ಅದೇ ಕಾಲೇಜಿನೊಳಗೆ ಮೇಲಿನ ಬ್ರಾಂಚಿಗೆ ಮಾತ್ರ ಕಾಯುವುದು ಸ್ಲೈಡ್, ಸಾಕು ಎನ್ನುವುದು ಫ್ರೀಜ್. ಮೇಲಿನದ್ದು ಸಿಕ್ಕಿದರೆ ಹಿಂದಿನದ್ದು ತಾನಾಗಿ ಹೋಗುತ್ತದೆ, ಮತ್ತೆ ಹಿಂದಿನದ್ದೇ ಬೇಕು ಎನ್ನಲಾಗದು. ಹಾಗಾಗಿ ನಿಜವಾಗಿ ಹೋಗಲು ಮನಸ್ಸಿಲ್ಲದ್ದನ್ನು ಪಟ್ಟಿಯಲ್ಲಿ ಬರೆಯಲೇಬೇಡಿ.

ಭಾಷೆಯ ಮಾತು ಹೇಳದೆ ಇದು ಮುಗಿಯುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಸಂವೇಗ ಗೊತ್ತು, ವೇಗೋತ್ಕರ್ಷ ಗೊತ್ತು. ಪ್ಲಸ್ ವನ್‌ನಲ್ಲಿ ಅದೇ ವಿಷಯ ಬೇರೆ ಹೆಸರಿನಲ್ಲಿ ಬಂದು ನಿಲ್ಲುತ್ತದೆ. ಎರಡು ವರ್ಷದಲ್ಲಿ ಕಲಿಯುತ್ತಾರೆ, ಆದರೆ ಪರೀಕ್ಷೆಯಲ್ಲಿ ಪ್ರಶ್ನೆಗೆ ಹತ್ತು ಸೆಕೆಂಡು ಜಾಸ್ತಿ ಹೋಗುತ್ತದೆ, ರ‍್ಯಾಂಕಿನ ಲೆಕ್ಕದಲ್ಲಿ ಅದು ಸಾವಿರ ಸಾವಿರ ಹಿಂದೆ ತಳ್ಳಬಹುದು. ಜೆಇಇ ಮೇನ್ 13 ಭಾಷೆಗಳಲ್ಲಿ ಉಂಟು, ಕನ್ನಡವೂ ಸೇರಿ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಬೇಕಿದ್ದ ಕಾಸರಗೋಡಿನ ಮಗು ಅರ್ಜಿಯಲ್ಲಿ ಮಂಗಳೂರಿನಂಥ ಕೇಂದ್ರವನ್ನು ಕೇಳಬೇಕು. ಅಡ್ವಾನ್ಸ್ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಐಐಟಿ ಆಸೆಯವರು ಮೇನ್‌ಗೆ ಕನ್ನಡ ಆರಿಸುವ ಮೊದಲು ಯೋಚಿಸಿ, ಕೆಲವೇ ವಾರಗಳಲ್ಲಿ ಪತ್ರಿಕೆಯ ಭಾಷೆ ಬದಲಾಗುತ್ತದೆ.

ಇಂಜಿನಿಯರಿಂಗ್ ಬೇಡದವರಿಗೆ ಒಂದು ಮಾತು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳ ಮೊದಲ ಕಟ್ ಆಫ್ 100ಕ್ಕೆ 100 ಇತ್ತು. ಕೇರಳ ಬೋರ್ಡಿನಲ್ಲಿ ಪೂರ್ತಿ ಅಂಕ ಪಡೆದವರು ಅಲ್ಲಿ ತುಂಬಿದರು. 2022ರಿಂದ ಬೋರ್ಡಿನ ಅಂಕ ಹೋಗಿ ಸಿಯುಇಟಿ ಬಂತು. ನಮ್ಮ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವೂ ಇದನ್ನೇ ನೋಡುತ್ತದೆ. ಇದರಲ್ಲಿ ಕನ್ನಡ ಒಂದು ಭಾಷಾ ಪತ್ರಿಕೆ, ದೆಹಲಿಯ ಹಲವು ಬಿ.ಎ. ಆನರ್ಸ್‌ಗಳಿಗೆ ಆ ಅಂಕ ಲೆಕ್ಕಕ್ಕೆ ಬರುತ್ತದೆ. ಪ್ಲಸ್ ಟುವಿನಲ್ಲಿ ಕನ್ನಡ ತೆಗೆದುಕೊಂಡವರು ಇದನ್ನು ಬಿಡಬೇಡಿ.

ಅಮೆರಿಕದ ಹಾರ್ವರ್ಡ್, ಎಂಐಟಿಯಂಥ ಕಡೆ ಕೊನೆಯ ರ‍್ಯಾಂಕ್ ಎಂಬುದೇ ಇಲ್ಲ. ಅಂಕ, ಪ್ರಬಂಧ, ಶಿಕ್ಷಕರ ಪತ್ರ, ಮಗು ಬೆಳೆದ ಪರಿಸರ ಎಲ್ಲವನ್ನೂ ಜನ ಕೂತು ಓದುತ್ತಾರೆ. ಹಾಗಾಗಿ ಎಷ್ಟೇ ಜಾಣ ಮಗುವಿಗೂ ಅಲ್ಲಿ ಖಂಡಿತ ಎನ್ನುವ ಜಾಗ ಇಲ್ಲ. ಎಂಐಟಿ 2022ರಲ್ಲಿ ಎಸ್‌ಎಟಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಈ ಎರಡೂ ಕಡೆ ಹೊರದೇಶದ ಮಗು ಫೀಸಿಗೆ ಸಹಾಯ ಕೇಳಿತು ಎಂದು ಅರ್ಜಿಯನ್ನು ಬದಿಗೆ ಇಡುವುದಿಲ್ಲ. ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಹೆದರಬೇಡಿ.

ಹೆದ್ದಾರಿಯ ಬದಿಯಲ್ಲಿ ಕೋಚಿಂಗಿನವರ ಫ್ಲೆಕ್ಸ್ ನೋಡಿದಾಗ ಒಂದು ಪ್ರಶ್ನೆ ಕೇಳಿ. ಫೋಟೋ ನಲವತ್ತು ಉಂಟು, ಸೇರಿದವರು ಎಷ್ಟು? ಅಂಶ ದೊಡ್ಡದಾಗಿ ಅಚ್ಚಾಗಿರುತ್ತದೆ, ಛೇದ ಎಲ್ಲೂ ಇರುವುದಿಲ್ಲ. ಛೇದ ಹೇಳದಿದ್ದರೆ ಫೀಸು ಕಟ್ಟಬೇಡಿ.

ಅವತ್ತು ಹುಡುಗಿಯ ಲೆಕ್ಕ ಹೀಗೆ ಬಂತು. ಸುರತ್ಕಲ್ ಕಂಪ್ಯೂಟರ್ ಸಯನ್ಸ್, ಹೊರರಾಜ್ಯದ ಹುಡುಗಿಯರ ಸಾಲು: ಮೂರು ವರ್ಷದ ಸಂಖ್ಯೆಗಳಲ್ಲಿ ಒಂದರ ಹತ್ತಿರವೂ ಅವಳ ರ‍್ಯಾಂಕು ಬರಲಿಲ್ಲ. ಆಪ್ ಹೇಳಿದ 31 ಯಾವ ಸಾಲಿನದ್ದೋ. ಕಲ್ಲಿಕೋಟೆಯಲ್ಲಿ ಕೇರಳದ ಹುಡುಗಿಯರ ಸಾಲಿನಲ್ಲಿ ಒಂದು ಬ್ರಾಂಚು ಮೂರೂ ವರ್ಷ ಅವಳ ರ‍್ಯಾಂಕು ದಾಟಿ ಸಾಕಷ್ಟು ಹಿಂದಿನವರಿಗೂ ಸಿಕ್ಕಿದೆ, ಅದನ್ನು ನೂರಕ್ಕೆ ತೊಂಬತ್ತು ಎಂದೆ. ಇನ್ನೊಂದು ಒಂದು ವರ್ಷ ದಾಟಿದೆ, ಎರಡು ವರ್ಷ ಸ್ವಲ್ಪದರಲ್ಲಿ ತಪ್ಪಿದೆ. ಅದು ಮೂರರಲ್ಲಿ ಒಂದು. ಇದೆಲ್ಲ ಕಾಮನ್ ರ‍್ಯಾಂಕಿನ ಲೆಕ್ಕ. ಅರ್ಜಿಯಲ್ಲಿ ಒಬಿಸಿ ಎಂದು ಹಾಕಿದ್ದಾರೆ, ಸರ್ಟಿಫಿಕೇಟು ಮಾತ್ರ ಹಳೆಯದು. ಹೊಸತು ಬಂದರೆ ಆ ಮೂರರಲ್ಲಿ ಒಂದು ಇನ್ನೂ ಒಳ್ಳೆಯದಾಗುತ್ತದೆ.

"ಹಾಗಾದರೆ ಸುರತ್ಕಲ್ ಬರೆಯುವುದೇ ಬೇಡವಾ ಟೀಚರೇ?" ಎಂದು ತಾಯಿ ಕೇಳಿದರು. ಬರೆಯಿರಿ, ಮೊದಲನೆಯದಾಗಿಯೇ ಬರೆಯಿರಿ ಎಂದೆ. ಹುಡುಗಿ ಅದನ್ನು ಬರೆದು, ಕಲ್ಲಿಕೋಟೆಯ ಎರಡನ್ನು ಅದರ ಕೆಳಗೆ ಬರೆದು, ಮುಂದಿನ ಹೆಸರು ಯೋಚಿಸುತ್ತಾ ಕೂತಳು. ತಾಯಿ ಅಷ್ಟರಲ್ಲಿ ಗಂಡನಿಗೆ ಫೋನ್ ಮಾಡಿ, ಸೋಮವಾರ ಬೆಳಿಗ್ಗೆ ವಿಲೇಜ್ ಆಫೀಸಿಗೆ ಹೋಗಬೇಕು, ತೋಟಕ್ಕೆ ಆಳು ಬರುವುದಾದರೆ ಮಂಗಳವಾರಕ್ಕೆ ಹೇಳಿ ಎಂದರು.